ಎಲ್ಲಾ ಸಮಿತಿಗಳ ಏಕೈಕ ಸದಸ್ಯ

ಜನರಿಂದ ಕೆಲಸ ತೆಗೆಯುವುದು ಒಂದು ಕಲೆ, ಆ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹಾವೇರಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ತಮ್ಮ ಕಣ್ಣು ಚೆನ್ನಾಗಿಯೇ ಇದೆ ಎಂದು ಜಗಳಕ್ಕೆ ಬಂದವರಿಗೂ ಕನ್ನಡಕ ಮಾರಿ ಕಳಿಸಿದವನು ನಾನು. ಅಂಥವನಿಗೆ ನಾಲ್ಕು ಜನರ ಕೈಗೆ ಕಸಬರಿಗೆ ಕೊಡುವುದು ಎಷ್ಟರ ಮಾತು!

ಕಸಬರಿಗೆಯ ಮಾತು ಯಾಕೆ ಬಂತೆಂದರೆ, ನಾನು ನಮ್ಮ ಏರ್ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹವ್ಯಾಸಿಗಳು ಸೇರಿ ಕಟ್ಟಿದ ಕ್ಲಬ್ಬು. ಆಗಾಗ ಬ್ಯಾಡಗಿಯ ಚನ್ನಬಸಪ್ಪ ಸಾವಕಾರರ ಖಾಲಿ ಮೆಣಸಿನಕಾಯಿ ಗೋದಾಮಿನಲ್ಲಿ ನಮ್ಮ ಸ್ಪರ್ಧೆ ನಡೆಯುತ್ತದೆ. ಸ್ಪರ್ಧೆ ಎಂದರೆ ಬರೀ ಗುಂಡು ಹೊಡೆಯುವುದಲ್ಲ. ಟೇಬಲ್ ಹೊರಬೇಕು, ಗುರಿಯ ಕಾರ್ಡು ಹಚ್ಚಬೇಕು, ಪ್ರತಿ ಸುತ್ತಿಗೂ ಬದಲಿಸಬೇಕು, ಸೀಟಿ ಊದಬೇಕು, ಅಂಕ ಬರೆಯಬೇಕು, ಕೊನೆಗೆ ನೆಲದ ಮೇಲೆ ಚೆಲ್ಲಿದ ಪೆಲೆಟ್ಟು ಎಂಬ ಸೀಸದ ಪುಟ್ಟ ಗುಂಡುಗಳನ್ನು ಗುಡಿಸಬೇಕು. ಬೇರೆ ಕಡೆ ಸ್ಪರ್ಧಿಗಳೇ ಇದನ್ನೆಲ್ಲ ಹಂಚಿಕೊಂಡು ಮಾಡುತ್ತಾರಂತೆ. ನಮ್ಮ ಸ್ಪರ್ಧಿಗಳು ಬೀಗರು ಬಂದ ಹಾಗೆ ಬರುತ್ತಾರೆ. ಕಾರಿನಿಂದ ಇಳಿದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಉಪ್ಪಿಟ್ಟು ಆತೇನ್ರಿ?" ಎರಡನೆಯದು, "ಸ್ವಲ್ಪ ಲಗೂ ಮುಗಸ್ರಿ, ನಮಗ ಕೆಲಸ ಐತಿ."

ಹೀಗಾಗಿ ಕ್ಲಬ್ಬು ಕಟ್ಟಿದಾಗಿನಿಂದ ಯಾವ ಸ್ಪರ್ಧೆಯಲ್ಲೂ ನಾನು ಒಂದೇ ಒಂದು ಪೆಲೆಟ್ ಹಾರಿಸಿದ್ದಿಲ್ಲ. ಸೀಟಿ ಊದುವವನು ನಾನು, ಹೊಡೆಯುವವರು ಅವರು. ಶುರುವಿನಲ್ಲಿ ನನ್ನ ಹೆಂಡತಿ ಗಿರಿಜಾ ದೊಡ್ಡ ಆಸೆಯಿಂದ ನಡುಮನೆಯ ಗೋಡೆಗೆ, ಮಗಳ ಬಹುಮಾನಗಳ ಪಕ್ಕದಲ್ಲಿ, ನನ್ನ ಪ್ರಶಸ್ತಿ ಪತ್ರಕ್ಕೆಂದು ಒಂದು ಮೊಳೆ ಹೊಡೆದಿದ್ದಳು. ಆ ಖಾಲಿ ಮೊಳೆ ದಿನವೂ ನನ್ನನ್ನೇ ನೋಡುತ್ತಿತ್ತು.

"ಏನ್ರಿ, ಕ್ಲಬ್ ಚಾಲೂ ಮಾಡಿದವ್ರು ನೀವು, ಹೊಡ್ಯಾವ್ರು ಮಂದಿ. ಈ ಮೊಳಿಗೆ ಏನ್ ಹಾಕ್ಲಿ? ನಿಮ್ಮ ಬನಿಯನ್ ಹಾಕ್ಲ್ಯಾ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಈ ಸಲ ನಾನೂ ಹೊಡೀತೇನಿ. ನೀನೂ ಬಾ, ಕಣ್ಣಾರೆ ನೋಡು."

"ಮತ್ತ ಕೆಲಸ ಯಾರ್ ಮಾಡ್ತಾರ?"

"ಎಲ್ಲಾರೂ ಹಂಚಿಕೊಂಡು ಮಾಡ್ತಾರ!"

ಗಿರಿಜಾ ನಕ್ಕಳು. ಆ ನಗು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಮೊದಲು ವಾಟ್ಸಾಪ್ ಗುಂಪಿನಲ್ಲಿ ವಿನಯಪೂರ್ವಕವಾಗಿ ಬರೆದೆ: ಮಾನ್ಯ ಸ್ಪರ್ಧಿಗಳೇ, ಸೇವಾಕಾರ್ಯಕ್ಕೆ ಯಾರು ಯಾರು ಬರುತ್ತೀರಿ? ಸಾಲು ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಒಬ್ಬ ಮಹಾಶಯರು ಹೂಗುಚ್ಛವನ್ನೂ ಕಳಿಸಿದರು. ಯಾರೂ ಬರುತ್ತೇನೆ ಎನ್ನಲಿಲ್ಲ.

ಆಮೇಲೆ ಕಟ್ಟುನಿಟ್ಟಾದೆ. ಒಂದು ತಾಸು ಕೆಲಸ ಮಾಡದವರಿಗೆ ರೈಫಲ್ ಮುಟ್ಟಲು ಬಿಡುವುದಿಲ್ಲ ಎಂದು ಸಾರಿದೆ. ಅಭ್ಯಾಸದ ದಿನ ಚನ್ನಬಸಪ್ಪ ಸಾವಕಾರರು ತಮ್ಮ ಪಾಲಿನ ಸೇವೆಗೆ ಅಂಗಡಿಯ ಹಮಾಲನನ್ನು ಕಳಿಸಿದರು. ಅವನು ಟೇಬಲ್ಲುಗಳನ್ನು ಹೂವಿನಂತೆ ಎತ್ತಿಟ್ಟ. ನನಗೆ ಖುಷಿಯೋ ಖುಷಿ. ಹೋಗುವಾಗ ಕೂಲಿಗೆ ಕೈ ಚಾಚಿದ, ನನ್ನ ಮುಂದೆ!

ಇಂಥ ಸಂಕಟದಲ್ಲಿದ್ದಾಗ ನನ್ನ ತಲೆಯಲ್ಲಿ ಬೆಳಕು ಬಿತ್ತು. ನಮ್ಮ ಇನ್ನೊಬ್ಬ ಸ್ಪರ್ಧಿ ರಾಣೆಬೆನ್ನೂರಿನ ದೇಸಾಯಿ ವಕೀಲರು. ಕನ್ನಡಕದ ಕಾಲು ಮುರಿದುಕೊಂಡು ನನ್ನ ಅಂಗಡಿಗೆ ಬಂದಾಗ ಅವರ ಅಂಗಿಯ ಮೇಲೆ 'ಗಣ್ಯರು' ಎಂಬ ಬ್ಯಾಡ್ಜು ಹೊಳೆಯುತ್ತಿತ್ತು. ಸಮಾರಂಭ ಯಾವುದೆಂದು ಕೇಳಿದೆ. ಅದು ಹೋದ ವಾರವೇ ಮುಗಿದಿತ್ತು! ಆಹಾ, ರೋಗ ಸಿಕ್ಕಿತು, ಮದ್ದೂ ಸಿಕ್ಕಿತು. ಇವರಿಗೆ ಕೆಲಸ ಕೊಡಬಾರದು, ಪದವಿ ಕೊಡಬೇಕು. ಪದವಿಯ ಹಿಂದೆ ಕೆಲಸ ತಾನಾಗಿಯೇ ಬರುತ್ತದೆ! ಅಂದೇ ಚಂದದ ಬ್ಯಾಡ್ಜುಗಳನ್ನು ಮಾಡಿಸಿದೆ. ಚನ್ನಬಸಪ್ಪನವರು ಕಾರ್ಡ್ ಸಮಿತಿಯ ಅಧ್ಯಕ್ಷರು, ದೇಸಾಯಿಯವರು ನಿಯಮ ಸಮಿತಿಯ ಅಧ್ಯಕ್ಷರು. ಕುರ್ಚಿಗೊಬ್ಬರು, ಸ್ವಚ್ಛತೆಗೊಬ್ಬರು, ಅಂಕಕ್ಕೊಬ್ಬರು, ಯಾರು ಎಲ್ಲಿಗೆ ಹೊಡೆಯುತ್ತಾರೆಂದು ನಿಂತು ನೋಡುವುದಕ್ಕೊಬ್ಬರು, ಎಲ್ಲರೂ ಅಧ್ಯಕ್ಷರೇ. ಒಬ್ಬರನ್ನೂ ಬಿಡಲಿಲ್ಲ.

ಸ್ಪರ್ಧೆಯ ದಿನ ಎಲ್ಲರೂ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಇಸ್ತ್ರಿ ಹಾಕಿದ ಬಟ್ಟೆ, ಎದೆಯ ಮೇಲೆ ಬ್ಯಾಡ್ಜು. ನೋಡಿ ನನ್ನ ಕಣ್ಣು ತುಂಬಿ ಬಂತು. ಅದು ಮೆಣಸಿನಕಾಯಿಯ ಘಾಟು ಎಂದು ಆಮೇಲೆ ತಿಳಿಯಿತು.

ಗಿರಿಜಾಳನ್ನು ಮೂಲೆಯ ಕುರ್ಚಿಯಲ್ಲಿ ಕೂಡಿಸಿ, "ನೋಡ್ತಿರು" ಎಂದೆ. ಅಷ್ಟರಲ್ಲಿ ಚನ್ನಬಸಪ್ಪನವರು ಬಂದರು.

"ಸೆಕ್ರೆಟರಿ ಸಾಹೇಬ್ರ, ನಾ ಕಾರ್ಡ್ ಸಮಿತಿ ಅಧ್ಯಕ್ಷ ಹೌದಲ್ರಿ?"

"ಹೌದ್ರಿ ಸಾವಕಾರ್ರ. ಕಾರ್ಡ್ ಅಲ್ಲಿ ಅದಾವು, ಹಚ್ಚಾಕ ಚಾಲೂ ಮಾಡ್ರಿ."

"ಅಲ್ರಿ, ನನ್ನ ಸಮಿತಿ ಮಂದಿ ಎಲ್ಲಿ? ಅಧ್ಯಕ್ಷ ಆದಾಂವ ತಾನs ಕಾರ್ಡ್ ಹಚ್ಚಕೋಂತ ನಿಂತ್ರ ನೋಡಿದವ್ರು ಏನಂತಾರ?"

ಸುತ್ತ ನೋಡಿದೆ. ಎಲ್ಲ ಕಡೆ ಅಧ್ಯಕ್ಷರೇ! ಸ್ವಚ್ಛತಾ ಸಮಿತಿಯ ಅಧ್ಯಕ್ಷರು ಗೋದಾಮಿನ ನಡುವೆ ನಿಂತು ಕಸ ಎಲ್ಲೆಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಕುರ್ಚಿ ಸಮಿತಿಯ ಅಧ್ಯಕ್ಷರು ಒಂದು ಕುರ್ಚಿಯ ಮೇಲೆ ಕುಳಿತು ಅದರ ಗಟ್ಟಿತನವನ್ನು ಪರೀಕ್ಷಿಸುತ್ತಿದ್ದರು. ಆ ಪರೀಕ್ಷೆ ಸಂಜೆಯವರೆಗೂ ನಡೆಯಿತು.

ದೇಸಾಯಿ ವಕೀಲರು ಗಂಟಲು ಸರಿಮಾಡಿಕೊಂಡರು. "ನೋಡ್ರಿ, ಸಮಿತಿ ಅಂದಮ್ಯಾಲೆ ಅಧ್ಯಕ್ಷನ ಜೋಡಿ ಒಬ್ಬ ಸದಸ್ಯನರೇ ಬೇಕು. ಇಲ್ಲಂದ್ರ ಅದು ಊರ್ಜಿತ ಆಗೂದಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಒಂದು ಖಾಲಿ ಬ್ಯಾಡ್ಜು ಉಳಿದಿತ್ತು. ಅದರ ಮೇಲೆ 'ಸದಸ್ಯ' ಎಂದು ಬರೆದೆ.

"ಎಲ್ಲಾ ಸಮಿತಿಗಳು ಅಂತನೂ ಬರೀರಿ," ಎಂದರು ದೇಸಾಯಿ. "ಗೊಂದಲ ಬ್ಯಾಡ."

ಅಲ್ಲಿಂದ ಮುಂದೆ ನಡೆದದ್ದು ಹೇಳಲು ನಾಚಿಕೆಯಾಗುತ್ತದೆ. ಹಿಂದೆಲ್ಲ ನಾನು ಯಾರ ಅಪ್ಪಣೆಯೂ ಇಲ್ಲದೆ ಕೆಲಸ ಮಾಡುತ್ತಿದ್ದೆ. ಈಗ ಪ್ರತಿ ಕೆಲಸಕ್ಕೂ ಒಬ್ಬೊಬ್ಬ ಅಧ್ಯಕ್ಷರು! ಟೇಬಲ್ ಆ ಕಡೆ ಇಟ್ಟರೆ ಒಬ್ಬರು ಈ ಕಡೆ ಎನ್ನುವರು, ಈ ಕಡೆ ಇಟ್ಟರೆ ಇನ್ನೊಬ್ಬರು ಮೊದಲಿನದೇ ಚಲೋ ಎನ್ನುವರು. ಕಾರ್ಡುಗಳ ಮೇಲೆ ಹೆಸರು ಬರೆದವನು ನಾನು, ಹಚ್ಚಿದವನು ನಾನು, ಕಿತ್ತವನೂ ನಾನೇ. ಕೊನೆಯ ಸುತ್ತಿಗೆ ಮೊದಲು ಸಿಟ್ಟು ನೆತ್ತಿಗೇರಿ, ನೀರು ಚಿಮುಕಿಸುವುದನ್ನೂ ಮರೆತು, ಇಡೀ ಗೋದಾಮನ್ನು ಬರಬರನೆ ಗುಡಿಸಿದೆ. ಎಂದಿನಿಂದಲೋ ಬಿರುಕುಗಳಲ್ಲಿ ಮಲಗಿದ್ದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಎದ್ದು ಕುಳಿತಿತು. ಆ ಘಾಟು ರೂಢಿಯಿದ್ದ ಚನ್ನಬಸಪ್ಪನವರೊಬ್ಬರನ್ನು ಬಿಟ್ಟು ಅಧ್ಯಕ್ಷರೆಲ್ಲ ಸೀನುತ್ತ ಹೊರಗೆ ಓಡಿದರು. ಹೊರಗೆ ಮಂಡಕ್ಕಿಯ ಗಿರ್ಮಿಟ್ಟು, ಬಿಸಿ ಮಿರ್ಚಿ ಭಜಿ ಬಂದಿದ್ದವು. ಆಮೇಲೆ ಅವರು ಒಳಗೆ ಬರುವ ಮಾತೇ ಇರಲಿಲ್ಲ.

ಕೊನೆಯ ಸುತ್ತಿಗೆ ನನ್ನ ಹೆಸರಿನ ಕಾರ್ಡನ್ನೂ ಹಚ್ಚಿದ್ದೆ. ಹೊಡೆಯಲು ಉಳಿದವರು ಇಬ್ಬರೇ, ನಾನು ಮತ್ತು ಪಕ್ಕದ ಸಾಲಿನಲ್ಲಿ ಚನ್ನಬಸಪ್ಪನವರು. ಸೀಟಿ ಊದುವವರು ಬೇಕಲ್ಲ ಎಂದು ನಾನು ಎಂದಿನಂತೆ ಹಿಂದೆ ಸರಿಯುವಷ್ಟರಲ್ಲಿ ಗಿರಿಜಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದಳು.

"ಸಾಕ್ ಮಾಡ್ರಿ. ಸೀಟಿ ಇಲ್ಲೆ ಕೊಡ್ರಿ. ಹೋಗಿ ಅಲ್ಲಿ ನಿಂದರ್ರಿ!"

ಸೀಟಿ ಊದಿದಳು. ಅದೇ ಗಳಿಗೆಗೆ ಚನ್ನಬಸಪ್ಪನವರ ಫೋನು ರಿಂಗಣಿಸಿತು. "ಹಲೋ, ರೇಟ್ ಏನಾತು?" ಎನ್ನುತ್ತ ರೈಫಲ್ ಟೇಬಲ್ಲಿನ ಮೇಲಿಟ್ಟು ಹೊರಗೆ ನಡೆದರು. ನಾನು ಯಾವುದನ್ನೂ ಲೆಕ್ಕಿಸದೆ ಗುರಿ ಹಿಡಿದೆ. ಕಣ್ಣುಗಳಿಂದ ದಳದಳ ನೀರು. ಕಣ್ಣೀರಿನಲ್ಲಿ ಕಪ್ಪು ಚುಕ್ಕಿಗಳು ಅತ್ತಿತ್ತ ಈಜುತ್ತಿದ್ದವು. ಅವುಗಳಲ್ಲಿ ಹೆಚ್ಚು ಸ್ಪಷ್ಟವಾಗಿದ್ದದ್ದನ್ನು ಆರಿಸಿಕೊಂಡೆ. ಕನ್ನಡಕದ ಅಂಗಡಿಯವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಮೊದಲ ಪೆಲೆಟ್ಟು ನಟ್ಟನಡುವೆ ಬಿತ್ತು. ಎರಡನೆಯದೂ ಅಲ್ಲೇ! ಹಿಂದಿನಿಂದ ಗಿರಿಜಾ ಕೆಮ್ಮಿದಳು. ಮತ್ತೆ ಜೋರಾಗಿ ಕೆಮ್ಮಿದಳು. ನಾನು ತಿರುಗದೆ, ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ನನ್ನ ಪಾಲಿನ ಪೆಲೆಟ್ಟುಗಳನ್ನೆಲ್ಲ ಅದೇ ಚುಕ್ಕಿಯಲ್ಲಿ ಹೂತೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಕುಣಿಯುತ್ತ ಹೋಗಿ ನೋಡಿದರೆ ನನ್ನ ಕಾರ್ಡು ಈಗಷ್ಟೇ ಅಂಗಡಿಯಿಂದ ತಂದ ಹಾಗಿತ್ತು. ಪಕ್ಕದ ಕಾರ್ಡಿನ ನಡುಭಾಗ ಪೂರ್ತಿ ಹಾರಿಹೋಗಿತ್ತು. ಅದರ ಮೇಲೆ ನನ್ನದೇ ದುಂಡಗಿನ ಅಕ್ಷರದಲ್ಲಿ, ಶ್ರೀ ಚನ್ನಬಸಪ್ಪ, ಬ್ಯಾಡಗಿ!

ಗದ್ದಲ ಕೇಳಿ ಅಧ್ಯಕ್ಷರೆಲ್ಲ ಮಿರ್ಚಿಯ ಎಣ್ಣೆ ಒರೆಸಿಕೊಳ್ಳುತ್ತ ಬಂದರು. ದೇಸಾಯಿ ವಕೀಲರಿಗೆ ಬೆಳಗಿನಿಂದ ಇಲ್ಲದ ಹುರುಪು ಬಂತು. "ಯಾರ ಹೆಸರಿನ ಕಾರ್ಡೋ ಅವರದೇ ಅಂಕ. ಈ ನಿಯಮ ಬರದವ್ರು ಯಾರು?"

"ನಾನs."

"ಹೊಡದದ್ದು ನೀವು ಅನ್ನಾಕ ಸಾಕ್ಷಿ?"

ನಿಂತು ನೋಡಬೇಕಾದ ಸಮಿತಿಯ ಅಧ್ಯಕ್ಷರು ಕೈಯಲ್ಲಿದ್ದ ಗಿರ್ಮಿಟ್ಟನ್ನೇ ನೋಡಿದರು.

"ನಾ ನೋಡೇನ್ರಿ!" ಎಂದಳು ಗಿರಿಜಾ. "ಇವ್ರು ಪೂರಾ ಆ ಕಾರ್ಡಿಗೇ ಹೊಡದಾರ."

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಗಂಡನ ಪರ ಹೆಂಡ್ತಿ ಸಾಕ್ಷಿ ಹೇಳಿದ್ರ ನಾವು ಹಿಡಿಯೂದಿಲ್ಲ."

ನಾನು ಗಿರಿಜಾಳ ಮೇಲೆ ಹರಿಹಾಯ್ದೆ. "ನೋಡಿದಿ ಅಂದ್ರ ಆವಾಗs ಯಾಕ ಹೇಳಲಿಲ್ಲ?"

"ಎಷ್ಟರ ಕೆಮ್ಮಬೇಕ್ರಿ ನಾ? ಆ ಬೋರ್ಡ್ ಓದ್ರಿ, ನೀವs ಬರದೀರಿ!"

ಓದಿದೆ. ಸ್ಪರ್ಧಿಯನ್ನು ಮಾತನಾಡಿಸಿದವರನ್ನು ಹೊರಗೆ ಹಾಕಲಾಗುವುದು, ಇಂತಿ ಕಾರ್ಯದರ್ಶಿ.

ಉಳಿದದ್ದು ಒಂದೇ ಆಸೆ. ಚನ್ನಬಸಪ್ಪನವರು ತಾವಾಗಿ ನಿಜ ಹೇಳಿಯಾರು! ಫೋನು ಜೇಬಿಗೆ ಹಾಕಿಕೊಳ್ಳುತ್ತ ಅವರು ಕಾರ್ಡನ್ನು ಮೆಚ್ಚುಗೆಯಿಂದ ನೋಡಿದರು. "ನಾ ಹೊಡದ್ನೋ ಇಲ್ಲೋ ಖರೇನ ನೆನಪಿಲ್ರಿ. ರೇಟ್ ಏರೇತಿ ಅಂದ್ರು, ಆ ಖುಷಿಯೊಳಗ ಹೊಡದಿದ್ರೂ ಹೊಡದಿರಬೇಕು."

ಮೊದಲ ಬಹುಮಾನ ಅವರದಾಯಿತು. ಹಾರ ಹಾಕಿಸಿಕೊಂಡು ಭಾಷಣ ಮಾಡಿದರು. "ನಮ್ಮ ಸೆಕ್ರೆಟರಿ ಸಾಹೇಬ್ರು ಇವತ್ತ ನನ್ನ ಸಲುವಾಗಿ ಪಟ್ಟ ತ್ರಾಸು ಯಾರೂ ಪಡೂದಿಲ್ರಿ!" ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ತಟ್ಟದಿದ್ದರೆ ಹೊಟ್ಟೆಕಿಚ್ಚು ಎಂದಾರು ಎಂದು.

ಪ್ರಶಸ್ತಿ ಪತ್ರದಲ್ಲಿ ಹೆಸರು ತುಂಬಬೇಕಿತ್ತು. ಅಂಕ ಸಮಿತಿಯ ಅಧ್ಯಕ್ಷರು ತಮ್ಮ ಅಕ್ಷರ ಸರಿಯಿಲ್ಲ ಎಂದರು. ನಾನೇ ಬರೆದೆ. ಬಹಳ ಚಂದ ಬಂದಿದೆ ಎಂದು ಎಲ್ಲರೂ ಹೊಗಳಿದರು, ಆಮೇಲೆ ಕುರ್ಚಿಗಳನ್ನು ನನ್ನ ಸುತ್ತ ಬಿಟ್ಟು ಊರು ಸೇರಿದರು.

ಮನೆಗೆ ಬಂದು ಕಣ್ಣು ತೊಳೆದುಕೊಳ್ಳುವಷ್ಟರಲ್ಲಿ ಗಿರಿಜಾ ನನ್ನ ಅಂಗಿಯ ಬ್ಯಾಡ್ಜು ಬಿಚ್ಚಿ ಆ ಮೊಳೆಗೆ ಸಿಕ್ಕಿಸಿದ್ದಳು. 'ಸದಸ್ಯ, ಎಲ್ಲಾ ಸಮಿತಿಗಳು' ಎಂಬುದನ್ನು ಮನೆಗೆ ಬಂದವರೆಲ್ಲ ಓದುತ್ತಾರೆ. ಓಣಿಯಲ್ಲಿ ಮದುವೆಯಾದರೆ ಪಾತ್ರೆ ಇಳಿಸಲು ಈಗ ಮೊದಲು ನನ್ನನ್ನೇ ಕರೆಯುತ್ತಾರೆ.