ಸದ್ದಿಲ್ಲದ ಕಾರ್ಟ್ರಿಜ್

ಬಾಗಿಲ ಸಂದಿಯಿಂದ ಒಳಗೆ ಜಾರಿಬಂದ ನೋಟೀಸನ್ನು ಕೀಂಯ್ ಮಾವ ನಾಲ್ಕು ಸಲ ಓದಿದ. ‘ಇಂದು ಸಂಜೆಯಿಂದ ತಮ್ಮ ಮನೆಯ ಕರ್ಕಶ ಶಬ್ದ ಮತ್ತೆ ಕೇಳಿಸಿದಲ್ಲಿ ಸದರಿ ಯಂತ್ರವನ್ನು ಗುಜರಿಗೆ ಹಾಕಲಾಗುವುದು.’ ಕೆಳಗೆ ಕಟ್ಟಡದ ಉಳಿದ ಹನ್ನೊಂದು ಮನೆಗಳ ಸಹಿ. ಮೊದಲನೆಯದು ಮೇಲಿನ ಮನೆಯ ಎಂಟು ತಿಂಗಳ ಕೂಸಿನ ತಾಯಿಯದು.

ಕೀಂಯ್ ಮಾವ ಎಂಬ ಹೆಸರು ಕಟ್ಟಡದ ಮಕ್ಕಳು ಇಟ್ಟದ್ದು. ಹಗಲೆಲ್ಲ ಮನೆಮನೆ ಅಲೆದು ನೀರಿನ ಮೀಟರ್ ಓದುವ ಈ ಮನುಷ್ಯ, ಸಂಜೆ ಏಳಕ್ಕೆ ಸರಿಯಾಗಿ ತನ್ನ ಮದುವೆಗಿಂತ ಹಳೆಯದಾದ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಕಂಪ್ಯೂಟರ್ ಇರುತ್ತಿದ್ದ ಕಾಲದ್ದು ಅದು. ಆಟವಿದ್ದದ್ದು ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರ್ ಒತ್ತಿದರೆ ಇಪ್ಪತ್ತು ನಿಮಿಷ ‘ಕೀಂಯ್... ಕ್ರ್‌ರ್‌ರ್... ಕೀಂಯ್’ ಎಂದು ಕಿರುಚಿ ಕಿರುಚಿ ಆಟ ಕಂಪ್ಯೂಟರಿಗೆ ಇಳಿಯುತ್ತಿತ್ತು. ಸದ್ದು ತಗ್ಗಿಸಿದರೆ ಅರ್ಧದಲ್ಲೇ ಕೈಕೊಡುತ್ತಿತ್ತು. ಆಮೇಲೆ ಹತ್ತು ನಿಮಿಷ ಅವನು ಅಂತರಿಕ್ಷ ನೌಕೆಯ ಕ್ಯಾಪ್ಟನ್. ಆಫೀಸಿನಲ್ಲಿ ಸಾಹೇಬರು, ಬೀದಿಯಲ್ಲಿ ನಾಯಿಗಳು, ಮನೆಯಲ್ಲಿ ಹೆಂಡತಿ. ಅವನು ಹೇಳಿದಂತೆ ಕೇಳುತ್ತಿದ್ದುದು ಆ ನೌಕೆ ಒಂದೇ.

“ನೋಟೀಸಲ್ಲಿ ತಪ್ಪೇನಿದೆ?” ಎಂದಳು ಹೆಂಡತಿ. “ಅದು ಕಿರುಚೋದು ಸಾಲದು ಅಂತ ನೀವೂ ಜೊತೆಗೆ ಬಾಯಲ್ಲಿ ಕೀಂಯ್ ಕೀಂಯ್ ಅಂತೀರಿ.”

“ಟೇಪು ಎಲ್ಲಿ ತಪ್ಪುತ್ತೆ ಅಂತ ಗೊತ್ತಾಗ್ಬೇಡ್ವೇನೇ? ನೀನೂ ಒಂದ್ಸಲ ಆಡಿ ನೋಡು.”

“ಇಪ್ಪತ್ತು ನಿಮಿಷ ಆ ಸದ್ದು ಕೇಳ್ಕೊಂಡು ಕಾಯೋಕೆ ನನಗೇನು ತಲೆ ಕೆಟ್ಟಿದ್ಯಾ?”

ಪುಣ್ಯಕ್ಕೆ ಅವನು ತರಿಸಿದ್ದ ಪಾರ್ಸೆಲ್ ಹಿಂದಿನ ದಿನವಷ್ಟೇ ಬಂದಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಾರ್ಟ್ರಿಜ್. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ, ಅದರ ಬಾಯಿಗೆ ಆಟ ತುಂಬಿದ ಎಸ್‌ಡಿ ಕಾರ್ಡ್ ಇಟ್ಟರೆ ಮುಗಿಯಿತು. ಕ್ಯಾಸೆಟ್ಟೂ ಬೇಡ, ಕಿರುಚಾಟವೂ ಬೇಡ. ರಜೆಯ ದಿನ ಬೇರೆ.

‘ಕರೆಂಟ್ ತೆಗೆಯದೆ ಕಾರ್ಟ್ರಿಜ್ ಸಿಕ್ಕಿಸಬೇಡಿ’ ಎಂದು ಕಾಗದದಲ್ಲಿ ಮೂರು ಕಡೆ ಬರೆದಿತ್ತು. ಮಾವ ಪ್ಲಗ್ ಕಿತ್ತ. ಮನಸ್ಸು ಒಪ್ಪಲಿಲ್ಲ. ಮೂರು ಸಲ ಬರೆದಿದ್ದಾರೆಂದರೆ ಸುಮ್ಮನೆ ಬರೆದಿರುತ್ತಾರೆಯೇ? ಮೆಟ್ಟಿಲ ಕೆಳಗೆ ಹೋಗಿ ಮೇನ್ ಸ್ವಿಚ್ಚನ್ನೂ ಇಳಿಸಿ ಬಂದ. ಅದು ತನ್ನ ಮನೆಯದಲ್ಲ, ಇಡೀ ಕಟ್ಟಡದ್ದು ಎಂಬುದು ಕಾರ್ಟ್ರಿಜ್ ಕೂತ ಮೇಲೆ ತಿಳಿಯಿತು. ಲಿಫ್ಟಿನೊಳಗಿಂದ ಕೂಗು ಕೇಳಿಸುತ್ತಿತ್ತು. ನಿವೃತ್ತ ಡ್ರಿಲ್ ಮೇಷ್ಟ್ರೂ ಕಟ್ಟಡದ ಸೆಕ್ರೆಟರಿಯೂ ಆದವರು ಎರಡು ಮಹಡಿಗಳ ನಡುವೆ ತ್ರಿಶಂಕುವಾಗಿದ್ದರು.

“ಯಾರ್ರೀ ಅದು ಮೇನ್ ತೆಗೆದಿದ್ದು?”

“ನಾನೇ ಸಾರ್... ನೋಟೀಸಲ್ಲಿ ಬರೆದಿದ್ರಲ್ಲ, ಶಬ್ದ ನಿಲ್ಸಿ ಅಂತ...”

“ಶಬ್ದ ನಿಲ್ಸು ಅಂದ್ರೆ ಲಿಫ್ಟ್ ನಿಲ್ಸ್ತೀಯೇನಯ್ಯಾ!”

ಮೇನ್ ಮತ್ತೆ ಹಾಕಿ ಅವರನ್ನು ಕೆಳಗಿಳಿಸಿ ಬರುವಷ್ಟರಲ್ಲಿ ಮಾವನ ಅಂಗಿ ಒದ್ದೆ. ಬಂದು ಕಂಪ್ಯೂಟರ್ ಹಚ್ಚಿದರೆ, ಕಾರ್ಡೇ ಇಲ್ಲ ಎಂದಿತು ಪರದೆ. ತೆಗೆದು ಒರೆಸಿ ಹಾಕಿದ. ಇಲ್ಲ. ಊದಿ ಹಾಕಿದ. ಇಲ್ಲ. ಹಿಂಬಾಲಿಸಿ ಬಂದಿದ್ದ ನೆಲಮಹಡಿಯ ಮಿಕ್ಸಿ ರಿಪೇರಿಯವನು ಬಗ್ಗಿ ನೋಡಿದ.

“ಎಂಥ ಕಾರ್ಡ್ ಹಾಕಿದ್ದೀರಿ?”

“ಅಂಗಡೀಲಿ ಇದ್ದಿದ್ದರಲ್ಲೇ ದೊಡ್ಡದು.”

“ಚೆನ್ನಾಗಿದೆ! ಕೂಸಿಗೆ ಕೊಡದಲ್ಲಿ ಹಾಲು ಕುಡಿಸಿದ ಹಾಗೆ. ಈ ಮುದುಕ ಕಂಪ್ಯೂಟರಿಗೆ ಚಿಕ್ಕ ಕಾರ್ಡ್ ಬೇಕು ಸ್ವಾಮೀ. ನನ್ನ ಹತ್ರ ಹಳೇದೊಂದಿದೆ, ಆಟಾನೂ ನಾನೇ ಅದಕ್ಕೆ ಹಾಕಿಕೊಡ್ತೀನಿ. ಬದಲಿಗೆ ಆ ಟೇಪ್ ರೆಕಾರ್ಡರ್ ಕೊಟ್ಬಿಡಿ. ಇನ್ನು ನಿಮಗ್ಯಾಕದು?”

ಮಾವ ರೆಕಾರ್ಡರಿನ ತಲೆ ಸವರಿದ. ಹದಿನಾರು ವರ್ಷದ ಒಡನಾಟ.

“ಕೊಟ್ಟು ಕೈ ತೊಳ್ಕೊಳ್ಳಿ,” ಎಂದಳು ಹೆಂಡತಿ ಒಳಗಿಂದ.

ಸಂಜೆ ಏಳಕ್ಕೆ ಹತ್ತು ನಿಮಿಷವಿದ್ದಾಗ ಚಿಕ್ಕ ಕಾರ್ಡ್ ಬಾಯಿಗೆ ಬಿತ್ತು. ಮಾವ ಗುಂಡಿ ಒತ್ತಿ, ಅಭ್ಯಾಸಬಲದಿಂದ ಕುರ್ಚಿಗೆ ಒರಗಿ ಕಾಯಲು ಕೂತ. ಒರಗುವಷ್ಟರಲ್ಲೇ ನೌಕೆ ಬಂದು ನಿಂತಿತ್ತು. ಎರಡೇ ಸೆಕೆಂಡ್! ಸೊಳ್ಳೆಯಷ್ಟೂ ಸದ್ದಿಲ್ಲ. ಸೆಕ್ರೆಟರಿಯವರು ಬಂದು ಕಂಪ್ಯೂಟರಿಗೆ ಕಿವಿಯಿಟ್ಟು ಕೇಳಿ, “ಶಿಸ್ತು ಅಂದ್ರೆ ಇದು” ಎಂದು ಬೆನ್ನು ತಟ್ಟಿ ಹೋದರು.

“ಇಷ್ಟು ಬೇಗ ಬಂತಾ?” ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. “ಸರೀರಿ ಆ ಕಡೆ. ಒಂದೇ ಒಂದು ಆಟ.”

ಆ ಒಂದು ಆಟ ಮುಗಿಯುವ ಮೊದಲೇ ಮೇಲಿನಿಂದ ಅಳು ಶುರುವಾಯಿತು. ಏಳೂವರೆಯ ಹೊತ್ತಿಗೆ ಅದು ಕಿಟಕಿ ಗಾಜು ನಡುಗಿಸುತ್ತಿತ್ತು. ಬಾಗಿಲು ದಬದಬ ಎಂದಿತು. ಕೂಸನ್ನು ಹೆಗಲಿಗೆ ಹಾಕಿಕೊಂಡು ತಾಯಿ ನಿಂತಿದ್ದಳು, ಅವಳ ಹಿಂದೆ ಸೆಕ್ರೆಟರಿ, ಅವರ ಹಿಂದೆ ಅರ್ಧ ಕಟ್ಟಡ.

“ಮಾವ, ಇವತ್ತು ಯಾಕೆ ಹಾಕ್ಲಿಲ್ಲ?”

“ಏನಮ್ಮಾ?”

“ಅದೇ... ಕೀಂಯ್.”

“ಮೊದಲ ಸಹಿ ನಿಂದೇ ಅಲ್ವೇನಮ್ಮಾ!”

“ಹುಟ್ಟಿದಾಗಿಂದ ಇದು ಅದನ್ನ ಕೇಳ್ಕೊಂಡೇ ಮಲಗ್ತಿತ್ತು ಅಂತ ನನಗೇನು ಗೊತ್ತು ಮಾವ? ಗಡಿಯಾರ ಇಟ್ಟ ಹಾಗೆ ಏಳೂ ಇಪ್ಪತ್ತಕ್ಕೆ ಕಣ್ಣು ಮುಚ್ತಿತ್ತು!”

“ಆ ರೆಕಾರ್ಡರ್ ಹಾಕಯ್ಯಾ, ಸೆಕ್ರೆಟರಿ ಹೇಳ್ತಿದ್ದೀನಿ,” ಎಂದರು ಮೇಷ್ಟ್ರು, ಕಿವಿಗೆ ಬೆರಳಿಟ್ಟುಕೊಂಡು.

ಎಲ್ಲರೂ ರಿಪೇರಿಯವನ ಕಡೆ ತಿರುಗಿದರು. ಅವನು ತಲೆ ಕೆರೆದುಕೊಂಡ. ರೆಕಾರ್ಡರಿನ ಮೋಟರ್ ಆಗಲೇ ಅವನ ಅಂಗಡಿಯಲ್ಲಿ ಪುಟ್ಟ ಫ್ಯಾನಾಗಿ ಗಾಳಿ ಬೀಸುತ್ತಿತ್ತು. ಬೇರೆ ಯಾರ ಮನೆಯಲ್ಲೂ ರೆಕಾರ್ಡರ್ ಇರಲಿಲ್ಲ. ಎಲ್ಲರೂ ಫೋನ್ ತಡಕಾಡಿದರು. ಹದಿನಾರು ವರ್ಷ ಶಪಿಸಿದ ಸದ್ದನ್ನು ಯಾರು ತಾನೇ ಹಿಡಿದಿಟ್ಟುಕೊಂಡಿರುತ್ತಾರೆ?

“ಅವರಿಗೆ ಬಾಯಿಪಾಠ ಬರುತ್ತಲ್ಲ,” ಎಂದಳು ಹೆಂಡತಿ, ಪರದೆಯಿಂದ ಕಣ್ಣು ಕೀಳದೆ. “ಕರ್ಕೊಂಡು ಹೋಗಿ.”

ಮಾವ ಸುತ್ತ ನೋಡಿದ. ಕೂಸನ್ನು ನೋಡಿದ. ಗಂಟಲು ಸರಿಮಾಡಿಕೊಂಡು ಮೆಲ್ಲಗೆ “ಕೀಂಯ್...” ಎಂದ. ಅಳು ಕತ್ತರಿಸಿದ ಹಾಗೆ ನಿಂತಿತು.

ತೊಟ್ಟಿಲ ಪಕ್ಕ ಕೂತು ಪೂರ್ತಿ ಹೇಳಬೇಕಾಯಿತು. ಹದಿನೆಂಟನೇ ನಿಮಿಷಕ್ಕೆ ನಿಲ್ಲಿಸಿ ಏಳಹೊರಟರೆ ಕೂಸು ಒಂದು ಕಣ್ಣು ತೆರೆಯಿತು. ಕೂತು ಉಳಿದದ್ದನ್ನೂ ಹೇಳಿದ.

ಇಳಿದು ಬಂದಾಗ ಬಾಗಿಲಿಗೆ ಹೊಸ ನೋಟೀಸು ಅಂಟಿತ್ತು: ‘ಸದರಿಯವರು ಪ್ರತಿದಿನ ಸಂಜೆ ಏಳಕ್ಕೆ ಮೇಲಿನ ಮನೆಯಲ್ಲಿ ತಪ್ಪದೆ ಹಾಜರಿರತಕ್ಕದ್ದು.’ ಈ ಸಲ ಹನ್ನೆರಡು ಸಹಿ. ಹನ್ನೆರಡನೆಯ ಸಹಿಯ ಕೈಬರಹವನ್ನು ಅವನು ಗುರುತು ಹಿಡಿದ.

ಒಳಗೆ ಕ್ಯಾಪ್ಟನ್ ಕುರ್ಚಿಯಲ್ಲಿ ಹೆಂಡತಿ. ಹದಿನಾರು ವರ್ಷದಲ್ಲಿ ಅವನು ಕಂಡರಿಯದ ಅಂಕ ಪರದೆಯ ಮೇಲೆ ಮಿನುಗುತ್ತಿತ್ತು. ‘ಈಗ ನಾನು’ ಎನ್ನಲು ಬಾಯಿ ತೆರೆದ. ಒಣಗಿದ ಗಂಟಲಿನಿಂದ ಹೊರಟದ್ದು “ಕೀಂಯ್” ಮಾತ್ರ.

“ಶ್! ಗಲಾಟೆ ಮಾಡ್ಬೇಡಿ ಅಂದ್ರೆ,” ಎಂದಳು ಹೆಂಡತಿ.