ಅಕ್ಕಾರು ಹೋಗಲಿಲ್ಲ, ಬಂದರು

ಟರ್ಕಿಯ ಒಂದು ವಿಮಾನ ನಿಲ್ದಾಣದಲ್ಲಿ ಕಂಪ್ಲಿಯ ಒಂದು ಚೀಲ ಮಂಡಕ್ಕಿಯನ್ನು ವಶಕ್ಕೆ ತೆಗೆದುಕೊಳ್ಳಲಾಗಿತ್ತು. ಸ್ಥಳಕ್ಕೆ ಇಬ್ಬರು ಅಧಿಕಾರಿಗಳೂ ಒಂದು ನಾಯಿಯೂ ಧಾವಿಸಿದ್ದರು. ಮಂಡಕ್ಕಿಯ ಮೇಲೆ ಇದಕ್ಕೂ ಮೊದಲು ಯಾವ ಪ್ರಕರಣವೂ ದಾಖಲಾಗಿರಲಿಲ್ಲ.

ಹೊಸಪೇಟೆ ಬಸ್ ನಿಲ್ದಾಣದ ಎದುರು ಟೂರ್ ಆಫೀಸು ಇಟ್ಟುಕೊಂಡಿರುವ ನನಗೆ ಇಂಥದ್ದು ಹೊಸದಲ್ಲ. ಜನರನ್ನು ಎಷ್ಟು ದೂರ ಕರೆದುಕೊಂಡು ಹೋದರೂ ಅವರು ತಮ್ಮ ಊರನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ.

ಮಂಡಕ್ಕಿ

ಚೀಲದ ಒಡತಿ ಕಮಲಾಪುರದ ಅಕ್ಕಾರು. ಅವರ ತಮ್ಮನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಬಹಳ ವರ್ಷ ಕಾದ ಮೇಲೆ ತಮ್ಮನಿಗೆ ಗಂಡು ಮಗುವಾಗಿತ್ತು. ಅದೂ ನಮ್ಮ ಟಿಕೆಟ್ ಆದ ಮೇಲೆ, ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ. ನಾವು ವಾಪಸು ಮುಟ್ಟುವ ಮರುದಿನವೇ ತೊಟ್ಟಿಲ ಕಾರ್ಯ. ನಮ್ಮ ಕಡೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಈ ಕೂಸಿಗೆ ಇದ್ದ ಒಬ್ಬಳೇ ಸೋದರತ್ತೆ ಅಕ್ಕಾರು. ಹೆಸರನ್ನೂ ಅವರೇ ಆರಿಸಿ, ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು.

"ಅಕ್ಕ ಆ ದಿನ ಬರಲಿಲ್ಲಂದ್ರ ನನ್ನ ಕೂಸಿಗೆ ಹೆಸರಿಲ್ಲ ನೋಡ್ರಿ" ಎಂದು ತಮ್ಮನವರು ನನ್ನ ಕೈ ಹಿಡಿದುಕೊಂಡಿದ್ದರು. ಗಿರಣಿಯವರ ಕೈ. ಎರಡು ದಿನ ನೋವಿತ್ತು.

ಇರಲಿ. ನಾಯಿ ಚೀಲವನ್ನು ಮೂಸಿತು. ಮಂಡಕ್ಕಿಯ ಜೊತೆಗಿದ್ದ ಶೇಂಗಾ ಚಟ್ನಿಪುಡಿಯ ಖಾರ ಮೂಗಿಗೇರಿ ಸೀನಿತು. ಅಧಿಕಾರಿ ಗಾಬರಿಯಿಂದ "ಏನಿದು?" ಎಂದ.

"ಹೇಳಿದ್ರ ತಿಳಿಯಂಗಿಲ್ಲಪಾ, ಒಂದು ಮುಕ್ಕು ತಿಂದು ನೋಡು" ಎಂದು ಅಕ್ಕಾರು ಅವನ ಅಂಗೈಗೆ ಸುರಿದರು. ಅವನು ತಿಂದ. ಇನ್ನೊಬ್ಬನನ್ನೂ ಕರೆದ. ಕೊನೆಗೆ ಚೀಲ ಬಿಡುಗಡೆಯಾಯಿತು. ಅದರಲ್ಲಿ ಅರ್ಧ ಮಂಡಕ್ಕಿ ಉಳಿದಿತ್ತು. ಇನ್ನರ್ಧ ತನಿಖೆಗೆ ಬೇಕಾಗಿತ್ತು.

ಗವಿ

ನಾನು ಅವರನ್ನು ಕರೆದೊಯ್ದದ್ದು ಬಂಡೆಗಳ ಸೀಮೆಗೆ. ಅಲ್ಲಿ ಗುಡ್ಡ ಕೊರೆದು ಮಾಡಿದ ಗವಿಗಳೇ ಹೋಟೆಲು. ಮಲಗಲು ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಹೋಟೆಲಿನ ಹುಡುಗಿ "ಇದು ಬಹಳ ಹಳೆಯ, ಅಸಲಿ ಗವಿ" ಎಂದು ಹೆಮ್ಮೆಯಿಂದ ಬಾಗಿಲು ತೆಗೆದಳು.

ಅಕ್ಕಾರು ಒಳಗೆ ಕಾಲಿಡಲಿಲ್ಲ. "ಕರಡಿ ಎಲ್ಲಿ ಐತಿ ಕೇಳು ತಮ್ಮಾ" ಎಂದರು. ಕಮಲಾಪುರದಿಂದ ದರೋಜಿಯ ಕರಡಿಧಾಮ ದೂರವಿಲ್ಲ. ಆ ಕಡೆಯವರು ಗವಿ ಕಂಡರೆ ಮೊದಲು ಇದನ್ನೇ ಕೇಳುತ್ತಾರೆ.

ಕೇಳಿದೆ. ಕರಡಿ ಇಲ್ಲವೇ ಇಲ್ಲ, ಹಿಂದೆಯೂ ಇರಲಿಲ್ಲ ಎಂದಳು ಹುಡುಗಿ.

"ಹಂಗಾರ ಅಸಲಿ ಅಂತ ಯಾಕ ಅಂತಾಳ?" ಎಂದು ಅಕ್ಕಾರು ಒಳಗೆ ಹೋಗಿ ಮಲಗಿದರು.

ಮರುದಿನ ಬೆಳಿಗ್ಗೆ ಬಿಸಿಗಾಳಿಯ ಬಲೂನು. ಕೆಳಗೆ ಕಣ್ಣು ಹಾಯುವಷ್ಟು ದೂರ ಬಂಡೆ. ಬಲೂನು ನಡೆಸುವವನು ಹೇಗಿದೆ ಎಂದು ಕೇಳಿದ.

"ಮಸ್ತ್ ಐತಪಾ. ಹಂಪಿ ಇದ್ದಂಗ ಐತಿ. ಗುಡಿ ಯಾವಾಗ ಕಟ್ತೀರಿ?"

ಇದನ್ನು ನಾನು ಅನುವಾದಿಸಲಿಲ್ಲ. ನಾವು ಇನ್ನೂ ಕೆಳಗೆ ಇಳಿಯಬೇಕಿತ್ತು.

ಸುರಂಗ

ಅಲ್ಲಿ ನೆಲದೊಳಗೆ ಒಂದು ಊರೇ ಇದೆ. ಅಂತಸ್ತಿನ ಕೆಳಗೆ ಅಂತಸ್ತು. ನಮ್ಮ ಜೊತೆ ಸಂಡೂರಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರೊಬ್ಬರು ಬಂದಿದ್ದರು. ಪ್ರವಾಸದುದ್ದಕ್ಕೂ ಬಾಯಿ ಬಿಡದವರು ಇಲ್ಲಿ ಗೋಡೆಯನ್ನು ಕೆರೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಅದಿರು ಏನು ಸಿಗ್ತಿತ್ತು ಕೇಳ್ರಿ."

ಗೈಡ್ ವಿವರಿಸಿದ: ಅದಿರಿಲ್ಲ, ಶತ್ರುಗಳು ಬಂದಾಗ ಊರ ಜನ ಅಡಗಿಕೊಳ್ಳಲೆಂದು ತೋಡಿದ್ದು.

ಮೇಸ್ತ್ರಿ ಬೆರಳನ್ನು ಅಂಗಿಗೆ ಒರೆಸಿಕೊಂಡರು. "ಇವರದು ಉಲ್ಟಾ ಐತಿ. ನಮ್ಮ ಕಡೆ ಮೊದಲು ತೋಡ್ತಾರ, ಆಮ್ಯಾಲೆ ಅಡಗ್ತಾರ."

ಬರ್ತೀನಿ

ವಾಪಸಾಗುವ ದಿನ. ಈ ವಿಮಾನ ತಪ್ಪಿದರೆ ಮುಂದಿನದು ಮರುದಿನ. ಅದರಲ್ಲಿ ಹೊರಟರೆ ಕಂಪ್ಲಿ ಮುಟ್ಟುವುದು ತೊಟ್ಟಿಲು ತೂಗಿ ಮುಗಿದ ಮೇಲೆ. ಪಾಸ್‌ಪೋರ್ಟಿಗೆ ಠಸ್ಸೆ ಹಾಕುವಲ್ಲಿ ನಾನೂ ಮೇಸ್ತ್ರಿಯೂ ದಾಟಿ ನಿಂತೆವು. ಅಕ್ಕಾರ ಸರದಿ ಬಂತು. ಪ್ರವಾಸದಲ್ಲಿ ಅವರು 'ಗೋ', 'ಕಮ್' ಎರಡನ್ನೂ ಚೆನ್ನಾಗಿ ಕಲಿತಿದ್ದರು.

"ಗೋಯಿಂಗ್?" ಎಂದ ಅಧಿಕಾರಿ.

ಅಕ್ಕಾರು ಗಲ್ಲ ಗಲ್ಲ ಬಡಿದುಕೊಂಡು, "ನೋ ಗೋ. ಐ ಕಮ್" ಎಂದರು.

ಅಧಿಕಾರಿ ವೀಸಾ ನೋಡಿದ. ಮರುದಿನಕ್ಕೆ ಮುಗಿಯುವುದಿತ್ತು. "ನೋ ಗೋ?"

"ನೋ ಗೋ! ಕಮ್, ಕಮ್."

ದೇಶ ಬಿಡಲು ಒಪ್ಪದ ಹೆಂಗಸೆಂದು ಅವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ನನ್ನನ್ನು ಕರೆಸಿದರು. ಅಷ್ಟರಲ್ಲಿ ನಮ್ಮ ವಿಮಾನದ ಕೊನೆಯ ಕರೆ ಕೇಳಿಸಿತು.

"ಅಕ್ಕಾರ, ಹೋಗ್ತೀನಿ ಅಂತ ಒಂದು ಸಲ ಅಂದುಬಿಡ್ರಿ" ಎಂದೆ.

"ಬಿಡ್ತು ಅನ್ನು! ಹೋಗ್ತೀನಿ ಅಂತ ಹೆಣದ ಮನ್ಯಾಗೂ ಅನ್ನಂಗಿಲ್ಲ. ಕೂಸಿಗೆ ಹೆಸರಿಡಾಕ ಹೊಂಟಾಕಿ ಅನ್ಲ್ಯಾ?"

"ವಿಮಾನ ಹೋಗ್ತೈತ್ರಿ!"

"ಅದು ಹೋಗ್ಲಿ. ನಾ ಬರ್ತೀನಿ."

ನಾನು ಅಧಿಕಾರಿಯತ್ತ ತಿರುಗಿದೆ. ಸ್ವಾಮಿ, ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ. ಹೋಗುತ್ತೇನೆ ಅಂದರೆ ಅಪಶಕುನ ಎಂದು ಬಿಡಿಸಿ ಹೇಳಿದೆ.

ಅವನು ಅನುಮಾನದಿಂದ, "ಹಾಗಾದರೆ ನಿಜವಾಗಿ ಉಳಿಯಲು ಬಂದವರು ಏನನ್ನುತ್ತಾರೆ?" ಎಂದ.

"ಅವರು ಏನೂ ಅನ್ನುವುದಿಲ್ಲ. ಉಳಿದುಬಿಡುತ್ತಾರೆ."

ಇದು ಅವನಿಗೆ ಅರ್ಥವಾಯಿತು. ಅವನ ಮನೆಯಲ್ಲೂ ನೆಂಟರಿದ್ದರೆಂದು ಕಾಣುತ್ತದೆ. ಠಸ್ಸೆ ಒತ್ತಿ, ಬಾಗಿಲು ತೋರಿಸಿ, "ಪ್ಲೀಸ್, ಕಮ್" ಎಂದ.

"ಬರ್ತೀನಪಾ" ಎಂದ ಅಕ್ಕಾರು ಉಳಿದ ಮಂಡಕ್ಕಿಯ ಚೀಲವನ್ನು ಅವನ ಮೇಜಿನ ಮೇಲಿಟ್ಟು ಓಡಿದರು. ನಾವೂ ಓಡಿದೆವು. ವಿಮಾನದ ಬಾಗಿಲು ಮುಚ್ಚಿದ್ದು ನಮ್ಮ ಬೆನ್ನ ಹಿಂದೆ.

ಎರಡನೆಯ ದಿನ ಕಂಪ್ಲಿಯಲ್ಲಿ ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಅಕ್ಕಾರು ಬಗ್ಗಿ ಕೂಸಿನ ಕಿವಿಗೆ ಬಾಯಿಟ್ಟರು. ಪದ್ಧತಿಯಂತೆ ಉಳಿದವರು ಅವರ ಬೆನ್ನಿಗೆ ಗುದ್ದಿದರು. ತಮ್ಮನವರು ಕಿವಿಗೊಟ್ಟು ನಿಂತಿದ್ದರು. ಕಡಲಾಚೆಯವರೆಗೆ ಹೊಟ್ಟೆಯಲ್ಲಿ ಹೊತ್ತೊಯ್ದು ಹೊತ್ತು ತಂದ ಹೆಸರು ಕೊನೆಗೂ ಹೊರಬಿತ್ತು.

ಬಸವರಾಜ. ಅದೇ ಓಣಿಯಲ್ಲಿ ಈಗಾಗಲೇ ಮೂವರಿದ್ದಾರೆ.