ದಂಡಿನ ಬಿಲ್ಲೆ

ಗಾದಿಗನೂರಿನ ರಸ್ತೆ ಬದಿಯ ಹೋಟೆಲಿನ ಜಡೆಪ್ಪ ಅಂದು ಅಡುಗೆಗೆ ಕೈ ಹಾಕದೆ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅಡುಗೆಯ ಎರ್ರಮ್ಮ ಉಪ್ಪಿಟ್ಟಿಗೆ ನೀರಿಟ್ಟು ಕರಿಬೇವು ತರಲು ಹೊರಗೆ ಹೋಗಿದ್ದಳು. ಅದು ಗೊತ್ತಿಲ್ಲದ ಜಡೆಪ್ಪ ಇನ್ನೊಂದು ಕೊಡ ನೀರು ಸುರಿದು, ಇದ್ದಬದ್ದ ರವೆಯನ್ನೆಲ್ಲ ಹಾಕಿ, ಉಪಕಾರ ಮಾಡಿದವನಂತೆ ನಿಂತ.

"ಯಪ್ಪಾ, ಇದು ಉಪ್ಪಿಟ್ಟಲ್ರಿ, ಪೋಸ್ಟರ್ ಹಚ್ಚೋ ಅಂಟು!" ಎಂದಳು ಎರ್ರಮ್ಮ.

ಆಗಲೇ ಎಂಟು ಗಂಟೆ. ಗಣಿ ಕಂಪನಿಯ ಮ್ಯಾನೇಜರ್ ಮನೋಹರ್ ಒಂಬತ್ತೂವರೆಗೆ ಮೂವತ್ತು ಅತಿಥಿಗಳನ್ನು ಕರೆದುಕೊಂಡು ತಿಂಡಿಗೆ ಬರುವವರಿದ್ದರು. ಅಲ್ಲಿಂದ ಅವರೆಲ್ಲ ಹಂಪಿಗೆ. ತಿಂಡಿ ಹಿಡಿಸಿದರೆ ಗಣಿ ಆಫೀಸಿಗೆ ದಿನಾ ತಿಂಡಿ ಕೊಡುವ ಗುತ್ತಿಗೆ ಜಡೆಪ್ಪನದು. ಹೊಸಪೇಟೆಗೆ ಹೋಗಿ ರವೆ ತರೋಣವೆಂದರೆ ಅದಿರಿನ ಲಾರಿಗಳು ರಸ್ತೆಯುದ್ದಕ್ಕೂ ಮೆಲುಕು ಹಾಕುವ ಎಮ್ಮೆಗಳಂತೆ ನಿಂತಿದ್ದವು.

ಜಡೆಪ್ಪ ಅಂಟನ್ನೇ ದಿಟ್ಟಿಸಿ ನೋಡಿದ. ಹರಿವಾಣಗಳಿಗೆ ಸುರಿದು ಫ್ಯಾನಿನಡಿ ಇಟ್ಟ. ಅದು ಗಟ್ಟಿಯಾದ ಮೇಲೆ ಲೋಟ ಒತ್ತಿ ಬಿಲ್ಲೆ ಮಾಡಿ, ಮಿರ್ಚಿಗೆ ಕಲಸಿದ್ದ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟ. ಹೊರಗೆ ಗರಿಗರಿ, ಒಳಗೆ ಬೆಣ್ಣೆ!

ಅತಿಥಿಗಳು ಎರಡೆರಡು ಸಲ ಹಾಕಿಸಿಕೊಂಡರು.

"ಮಸ್ತ್ ಐತಲ್ರಿ! ಏನಿದರ ಹೆಸರು?" ಎಂದರು ಮನೋಹರ್.

ಹಂಪಿಗೆ ಹೊರಟವರಿಗೆ ತಕ್ಕ ಹೆಸರೇ ಬೇಕು ಅಂದುಕೊಂಡ ಜಡೆಪ್ಪ. "ದಂಡಿನ ಬಿಲ್ಲೆ ರೀ. ವಿಜಯನಗರದ ದಂಡು ಯುದ್ಧಕ್ಕ ಹೊಂಟಾಗ ಇದನ್ನ ಸೊಂಟಕ್ಕ ಕಟ್ಕೊಂಡು ಹೋಗ್ತಿತ್ತಂತ್ರಿ."

"ಹೌದಾ? ನಾ ಎಲ್ಲೂ ಕೇಳಿಲ್ಲಲ್ಲ."

ಜಡೆಪ್ಪನ ನಾಲಿಗೆಗೆ ಬ್ರೇಕ್ ತಪ್ಪಿತು. "ನಮ್ಮೂರಾಗ ಮನಿಮನಿಯಾಗೂ ಮಾಡ್ತಾರ್ರಿ!"

ಸಂಜೆ ಬಂದು ಗುತ್ತಿಗೆಯ ಮಾತು ಮುಗಿಸುವುದಾಗಿ ಹೇಳಿ ಮನೋಹರ್ ಹೊರಟರು. ಪಕ್ಕದ ಪಾನ್ ಅಂಗಡಿಯ ಪಾಲಯ್ಯ ಬಿಲ್ಲೆ ಕರಿಯುವುದನ್ನೂ ನೋಡಿದ್ದ, ಕತೆಯನ್ನೂ ಕೇಳಿದ್ದ. ಅವನ ಬಾಯಲ್ಲಿ ಎಲೆಯಡಿಕೆ ನಿಂತರೂ ಸುದ್ದಿ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದುರಿನ ಹನುಮಣ್ಣನ ಹೋಟೆಲಿನ ಮುಂದೆ ಬೋರ್ಡು ಎದ್ದಿತ್ತು: 'ಅಸಲಿ ದಂಡಿನ ಬಿಲ್ಲೆ. ಮುತ್ತಾತನ ಕಾಲದಿಂದ.'

ಜಡೆಪ್ಪ ರಸ್ತೆ ದಾಟಿ ಓಡಿದ. "ಲೇ ಹನುಮಣ್ಣ, ಅದು ನನ್ನ ತಿಂಡಿಲೇ!"

"ಮನಿಮನಿಯಾಗೂ ಮಾಡ್ತಾರ ಅಂತ ನೀನ ಹೇಳೀದಿ. ನಮ್ದೇನು ಮನಿ ಅಲ್ಲೇನು?"

ಸಂಜೆ ಮನೋಹರ್ ಬಂದಾಗ ಅವರ ಕಣ್ಣು ಮೊದಲು ಬಿದ್ದದ್ದು ಆ ಬೋರ್ಡಿನ ಮೇಲೆ. ಜಡೆಪ್ಪನಿಗೆ ತಡೆಯಲಾಗಲಿಲ್ಲ. "ಸಾರ್, ಅವ ಸುಳ್ಳ ಹೇಳ್ತಾನ್ರಿ. ಅದಕ್ಕ ಮುತ್ತಾತನೂ ಇಲ್ಲ, ದಂಡೂ ಇಲ್ಲ. ಇವತ್ತ ಮುಂಜಾನಿ ಉಪ್ಪಿಟ್ಟು ನೀರಾಗಿತ್ರಿ, ಅದನ್ನ ಕರಿದು ನಾನ ಹುಟ್ಟಿಸಿದ್ದು!"

ಮನೋಹರ್ ಕೈಯಲ್ಲಿದ್ದ ಗುತ್ತಿಗೆಯ ಕಾಗದ ಮಡಿಚಿ ಜೇಬಿಗಿಳಿಸಿದರು.

"ಹಂಗಾದ್ರ, ನಮ್ಮ ಗೆಸ್ಟುಗಳಿಗೆ ನೀವು ತಿನ್ನಿಸಿದ್ದು ಕೆಟ್ಟ ಉಪ್ಪಿಟ್ಟೇನ್ರಿ?"

ಅಷ್ಟು ಕೇಳಿದವರೇ ರಸ್ತೆ ದಾಟಿ, 'ಅಸಲಿ' ಬೋರ್ಡಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಹನುಮಣ್ಣನ ದನಿ ಈಚೆ ಬದಿಗೂ ಕೇಳಿಸುತ್ತಿತ್ತು.

"ನಮ್ಮ ಮುತ್ತಜ್ಜಿ ದಂಡಿನಾಗ ಅಡಿಗಿ ಮಾಡ್ತಿದ್ಲಂತ್ರಿ ಸಾರ್. ಆಕಿ ಬಿಲ್ಲೆ ಒತ್ತಿದ ಲೋಟ ಇನ್ನೂ ನಮ್ಮ ಮನಿಯಾಗ ಐತ್ರಿ, ತೋರಸ್ಲೇನು?"